ಬಂಜೆಯ ಬೇನೆ: ನಾವು ಅರ್ಧವೇ ಓದಿದ ವಚನ

ಬೆಟಗೇರಿಯ ನೇಕಾರರ ಓಣಿಯಲ್ಲಿ ಪರಿಚಿತರೊಬ್ಬರ ಮನೆಯ ಪಡಸಾಲೆಯಲ್ಲಿ ಕುಳಿತಿದ್ದೆವು. ಪಕ್ಕದ ಮನೆಯ ಮಗಳಿಗೆ ಹಿಂದಿನ ರಾತ್ರಿ ಹೆರಿಗೆಯಾಗಿತ್ತು. ಎಷ್ಟು ತಾಸು ಬ್ಯಾನಿ ತಿಂದಳು, ಕೂಸಿನ ತೂಕ ಎಷ್ಟು, ಬಾಣಂತಿಗೆ ಏನೇನು ಕೊಡಬೇಕು ಎಂಬ ಮಾತು ಹೆಂಗಸರ ನಡುವೆ ನಡೆದಿತ್ತು. ಮದುವೆಯಾಗಿ ಏಳು ವರ್ಷ ಕಳೆದ ಆ ಮನೆಯ ಸೊಸೆ ಒಂದು ಮೂಲೆಯಲ್ಲಿ ಕಂಡಿಕೆ ಸುತ್ತುತ್ತಿದ್ದಳು. ತಾನೂ ಒಂದು ಮಾತು ಸೇರಿಸಲು ಹೋದಾಗ ಓಣಿಯ ಹಿರಿಯ ಹೆಂಗಸೊಬ್ಬರು, "ಹಡೀಲಾರದಾಕಿಗೆ ಬ್ಯಾನಿ ಏನ್ ತಿಳೀತೈತಿ, ಸುಮ್ಕಿರವಾ" ಎಂದುಬಿಟ್ಟರು. ಅವರ ಮನಸ್ಸಿನಲ್ಲಿ ಕೇಡಿರಲಿಲ್ಲ. ತಲೆಮಾರಿನಿಂದ ಬಾಯಿಗೆ ಬಂದ ಗಾದೆಯೊಂದು ಇನ್ನೊಮ್ಮೆ ಬಾಯಿಗೆ ಬಂದಿತ್ತು, ಅಷ್ಟೆ. ಸೊಸೆ ಸುಮ್ಮನಾದಳು. ಎಲ್ಲರೂ ಎದ್ದುಹೋದ ಮೇಲೆ ಚಹಾದ ಬಟ್ಟಲು ಇಡುತ್ತ ನಮ್ಮೊಡನಿದ್ದ ಹೆಣ್ಣುಮಗಳಿಗೆ ಹೇಳಿದಳು: "ಅಕ್ಕಾರ, ನನಗ ತಿಂಗಳಾ ತಿಂಗಳಾ ಬ್ಯಾನಿ ಬರತೈತ್ರಿ. ಕೂಸು ಬರೂದಿಲ್ಲ, ಅಷ್ಟ."

ಆಕೆಗೆ ಇರುವುದು ಎಂಡೊಮೆಟ್ರಿಯೋಸಿಸ್. ಜೊತೆಗೆ ಎಡ ಅಂಡಾಶಯದಲ್ಲಿ ಗಂಟು. ಹದಿಮೂರನೆಯ ವಯಸ್ಸಿನಿಂದ ಮುಟ್ಟಿನ ದಿನಗಳಲ್ಲಿ ನೆಲ ಹಿಡಿದು ಮಲಗುತ್ತಿದ್ದ ಹುಡುಗಿಯ ಕಾಯಿಲೆಗೆ ಹೆಸರು ಸಿಕ್ಕಿದ್ದು ಮದುವೆಯಾಗಿ ನಾಲ್ಕು ವರ್ಷದ ಮೇಲೆ. ಅದೂ ನೋವೆಂದು ತೋರಿಸಿದ್ದಕ್ಕಲ್ಲ, ಮಕ್ಕಳಾಗಲಿಲ್ಲವೆಂದು ತೋರಿಸಿದ್ದಕ್ಕೆ. ಈ ಲೇಖನದಲ್ಲಿ ನಾವು ಎತ್ತಬಯಸುವ ಪ್ರಶ್ನೆ ಇಲ್ಲಿಯೇ ಇದೆ. ಮಗುವಿನಲ್ಲಿ ಮುಗಿಯುವ ನೋವನ್ನು ಮಾತ್ರ ನೋವೆಂದು ಕೇಳಿಸಿಕೊಳ್ಳುವ ಕಿವಿಯನ್ನು ನಮ್ಮ ಭಾಷೆ, ನಮ್ಮ ಸಾಹಿತ್ಯ, ನಮ್ಮ ಮಠ-ದರ್ಗಾಗಳು, ಕೊನೆಗೆ ನಮ್ಮ ಆಸ್ಪತ್ರೆಗಳೂ ಬೆಳೆಸಿಕೊಂಡಿರುವುದು ಹೇಗೆ?

ಭಾಷೆಯಿಂದಲೇ ಶುರು ಮಾಡೋಣ. ಗದಗ ಸೀಮೆಯ ಮಾತಿನಲ್ಲಿ 'ಬ್ಯಾನಿ' ಎಂದರೆ ಕಾಯಿಲೆಯೂ ಹೌದು, ಹೆರಿಗೆ ನೋವೂ ಹೌದು. ಹೆರುವವಳು ಬ್ಯಾನಿ 'ತಿನ್ನುತ್ತಾಳೆ'. ಆ ಮಾತಿಗೆ ಒಂದು ಗೌರವವಿದೆ, ತಿಂದವಳಿಗೆ ಮನೆಯಲ್ಲಿ ಒಂದು ಜಾಗವಿದೆ. ಮುಟ್ಟಿನ ನೋವಿಗೆ ಮಾತ್ರ 'ಹೊಟ್ಟಿ ಕಡಿತ' ಎನ್ನುತ್ತೇವೆ. ಹಳಸಿದ್ದು ತಿಂದಾಗ ಬರುವುದಕ್ಕೂ ಅದೇ ಹೆಸರು. ಪುಲಿಗೆರೆಯ, ಅಂದರೆ ಇಂದಿನ ಲಕ್ಷ್ಮೇಶ್ವರದ ತಿರುಳ್ಗನ್ನಡವನ್ನು ಆದಿಕವಿ ಪಂಪ ಸಾವಿರ ವರ್ಷದ ಹಿಂದೆಯೇ ಮೆಚ್ಚಿಕೊಂಡದ್ದು ನಮಗೆ ಹೆಮ್ಮೆ. ಅದೇ ನೆಲದ ಹೆಣ್ಣುಮಕ್ಕಳಿಗೆ ತಮ್ಮ ಒಡಲಿನ ಈ ನೋವನ್ನು ಹೇಳಿಕೊಳ್ಳಲು ಒಂದು ಸ್ವಂತ ಮಾತಿಲ್ಲ.

ಹಿರಿಯಾಕೆ ಆಡಿದ ಗಾದೆಗೆ ಒಂದು ದೊಡ್ಡ ವಂಶವಿದೆ. ಅಕ್ಕಮಹಾದೇವಿಯ ಪ್ರಸಿದ್ಧ ವಚನವೊಂದು ಶುರುವಾಗುವುದೇ ಮಕ್ಕಳಿಲ್ಲದವಳಿಗೆ ಹೆರಿಗೆಯ ಸಂಕಟ ಗೊತ್ತಿರಲು ಸಾಧ್ಯವೇ ಎಂಬ ಹೋಲಿಕೆಯಿಂದ. ಮಲತಾಯಿಯ ಹೋಲಿಕೆ ಅದರ ಹಿಂದೆಯೇ ಬರುತ್ತದೆ. ಶಾಲೆಯ ಪಠ್ಯದಲ್ಲಿ, ಭಾಷಣದಲ್ಲಿ, ಬಾಣಂತಿಯ ಕೋಣೆಯ ಹರಟೆಯಲ್ಲಿ ಈ ಮೊದಲ ಭಾಗ ಮಾತ್ರ ಉಳಿದುಕೊಂಡಿದೆ. ವಚನ ಅಲ್ಲಿಗೆ ನಿಲ್ಲುವುದಿಲ್ಲ. ಕೊನೆಯಲ್ಲಿ ಅಕ್ಕ ತನ್ನ ದೇವರು ಇರಿದ ಅಲಗು ತನ್ನ ಒಡಲಿನಲ್ಲಿಯೇ ಮುರಿದು ಉಳಿದಿದೆ, ಆ ನೋವಿನಲ್ಲಿ ತಾನು ಹೊರಳಾಡುತ್ತಿದ್ದೇನೆ, ಇದು ನಿಮಗೆಲ್ಲಿ ಅರ್ಥವಾದೀತು ಎಂದು ಕೇಳುತ್ತಾಳೆ. ಕೇಳುವುದು ಯಾರನ್ನು? ತಾಯಂದಿರನ್ನು.

ಇದನ್ನು ಗಮನಿಸಿದ ಮೇಲೆ ವಚನದ ಅರ್ಥವೇ ತಿರುವುಮುರುವಾಗುತ್ತದೆ. ಮನೆ, ಗಂಡ, ಮಡಿಲು ಎಲ್ಲವನ್ನೂ ಬಿಟ್ಟು ನಡೆದ, ಹಡೆಯದ ಹೆಣ್ಣೊಬ್ಬಳು ಹಡೆದವರ ಮುಂದೆ ನಿಂತು, ನಿಮಗೆ ತಿಳಿಯದ ಬೇನೆಯೊಂದು ನನ್ನ ಹೊಟ್ಟೆಯಲ್ಲಿದೆ ಎನ್ನುತ್ತಿದ್ದಾಳೆ. ಲೋಕದ ಗಾದೆಯನ್ನು ಲೋಕದ ಬಾಯಿಂದಲೇ ಎತ್ತಿಕೊಂಡು, ಅದರ ತುದಿಯನ್ನು ಲೋಕದ ಕಡೆಗೇ ತಿರುಗಿಸಿದ ವಚನವಿದು. ನಾವು ಮಾಡಿದ್ದೇನು? ಮೊದಲರ್ಧವನ್ನು ಹಿಡಿದು ಬೆಟಗೇರಿಯ ಸೊಸೆಯ ಬಾಯಿ ಮುಚ್ಚಿಸಿದೆವು. ಅಕ್ಕನನ್ನು ರೋಗಿ ಮಾಡುವ ಹಟ ನಮಗಿಲ್ಲ, ಆಕೆಯ ಅಲಗು ಆಧ್ಯಾತ್ಮದ್ದು. ಆದರೆ ಒಳಗೆ ಚಾಕು ಮುರಿದಂತಿರುವ ನೋವು ಎಂದು ಈ ಕಾಯಿಲೆಯವರು ಡಾಕ್ಟರ ಮುಂದೆ ಹೇಳಿಕೊಳ್ಳುವಾಗ ಅವರು ವಚನ ಓದಿ ಬಂದಿರುವುದಿಲ್ಲವಲ್ಲ.

ಕಾಯಿಲೆಯ ಬಗ್ಗೆ ನಾಲ್ಕು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶ ಗರ್ಭಕೋಶದ ಹೊರಗೆ, ಅಂಡಾಶಯದ ಮೇಲೆ, ಗರ್ಭನಾಳದ ಸುತ್ತ, ಕೆಲವೊಮ್ಮೆ ಕರುಳಿನ ಮೇಲೆ ಬೆಳೆಯುತ್ತದೆ. ಅಲ್ಲಿ ಉರಿಯೂತ, ಗಾಯದ ಕಲೆ, ಅಂಟು ಉಂಟಾಗುತ್ತವೆ. ಹೆರುವ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಸುಮಾರು ನೂರಕ್ಕೆ ಹತ್ತು ಮಂದಿಗೆ, ಜಗತ್ತಿನಲ್ಲಿ ಸುಮಾರು 19 ಕೋಟಿ ಮಂದಿಗೆ ಇದು ಇದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಕಾಯಿಲೆಯ ಹೆಸರನ್ನು ಬಳಕೆಗೆ ತಂದವರು ಅಮೆರಿಕದ ವೈದ್ಯ ಜಾನ್ ಸ್ಯಾಂಪ್ಸನ್, 1920ರ ದಶಕದಲ್ಲಿ. ಅಂಡಾಶಯದ ಗಂಟಿನಲ್ಲಿ ಹಳೆಯ ರಕ್ತ ಕಪ್ಪಾಗಿ ನಿಂತಿದ್ದನ್ನು ಕಂಡು ಅವರು 1921ರಲ್ಲಿ 'ಚಾಕಲೇಟ್ ಸಿಸ್ಟ್' ಎಂದು ಬರೆದರು. ಆ ಹೆಸರು ಕೇಳಿದ ಅತ್ತೆಯೊಬ್ಬರು ಸೊಸೆಗೆ ಸಿಹಿ ತಿನ್ನುವುದನ್ನೇ ಬಿಡಿಸಿದ್ದನ್ನು ನಾವು ಶಿರಹಟ್ಟಿಯಲ್ಲಿ ಕೇಳಿ ನಕ್ಕಿದ್ದೇವೆ. ನಗಬಾರದಿತ್ತು. ರಿಪೋರ್ಟು ಕೊಟ್ಟವರು ಎರಡು ಮಾತು ಬಿಡಿಸಿ ಹೇಳಿದ್ದರೆ ಆ ತಾಯಿ ಹಾಗೆ ಮಾಡುತ್ತಿರಲಿಲ್ಲ.

ಗಂಟುಗಳೆಲ್ಲ ಒಂದೇ ಅಲ್ಲ ಎಂಬುದೂ ನಮ್ಮ ಕಡೆ ಗೊತ್ತಿಲ್ಲ. ಪ್ರತಿ ತಿಂಗಳ ಅಂಡೋತ್ಪತ್ತಿಯ ಜೊತೆ ಬಂದು ತಾನಾಗಿ ಕರಗುವ ನೀರಿನ ಗಂಟು ಬೇರೆ, ಹಾರ್ಮೋನಿನ ಏರುಪೇರಿನ ಪಿಸಿಓಡಿ ಬೇರೆ, ಈ ಚಾಕಲೇಟ್ ಸಿಸ್ಟ್ ಬೇರೆ. ಎಂಡೊಮೆಟ್ರಿಯೋಸಿಸ್ ಇದ್ದವರಿಗೆಲ್ಲ ಮಕ್ಕಳಾಗುವುದಿಲ್ಲ ಎಂಬುದೂ ಸುಳ್ಳು. ಅನೇಕರು ಯಾವ ಚಿಕಿತ್ಸೆಯೂ ಇಲ್ಲದೆ ಬಸುರಾಗುತ್ತಾರೆ. ಸಣ್ಣ ಚುಕ್ಕೆಯಷ್ಟು ಕಾಯಿಲೆಗೆ ಪ್ರಾಣ ಹೋಗುವಷ್ಟು ನೋವು ಇರಬಹುದು, ಒಳಗೆಲ್ಲ ಅಂಟಿಕೊಂಡವಳಿಗೆ ನೋವೇ ಇಲ್ಲದಿರಬಹುದು.

ನೋವೆಂದು ಅಳುವ ಹುಡುಗಿಗೆ ನಮ್ಮ ಊರುಗಳು ಕೊಡುವ ಮೊದಲ ಔಷಧ ಮದುವೆ. 'ಲಗ್ನ ಆದ್ರ ಎಲ್ಲಾ ಸರಿ ಹೋಕ್ಕೈತಿ' ಎನ್ನುತ್ತಾರೆ. ಲಗ್ನವಾದ ಮೇಲೆ ಮಾತು ಬದಲಾಗಿ 'ಒಂದು ಕೂಸಾದ್ರ ಸರಿ ಹೋಕ್ಕೈತಿ' ಎಂದಾಗುತ್ತದೆ. ಕಲಿತ ಡಾಕ್ಟರುಗಳ ಬಾಯಲ್ಲಿಯೂ ಈ ಎರಡನೆಯ ಮಾತನ್ನು ಕೇಳಿದ್ದೇವೆ. ಕಾಯಿಲೆ ವಾಸಿಯಾಗಲೆಂದು ಬಸುರಾಗಿರಿ ಎಂದು ಹೇಳಬಾರದು ಎಂದು ಯುರೋಪಿನ ಸಂತಾನ ವೈದ್ಯರ ಸಂಘ 2022ರ ತನ್ನ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿ ಬರೆದಿದೆ. ಹೆರಿಗೆಯ ನಂತರ ಕೆಲವರಿಗೆ ಕೆಲಕಾಲ ಹಗುರವಾಗಬಹುದು, ಕಾಯಿಲೆ ಹೋಗುವ ಭರವಸೆಯಿಲ್ಲ. ಮಗುವನ್ನು ಗುಳಿಗೆಯಂತೆ ಬರೆದುಕೊಡುವ ಈ ವೈದ್ಯದಲ್ಲಿ, ಗುಳಿಗೆಯೇ ಸಿಗದವಳ ಗತಿಯೇನು?

ಎಲ್ಲಕ್ಕಿಂತ ಕ್ರೂರವಾದ ಸಂಗತಿ ಇನ್ನೊಂದಿದೆ, ಅದು ಮನೆಯವರಿಗೆ ಕಾಣುವುದೇ ಇಲ್ಲ. ಈ ನೋವನ್ನು ಹತೋಟಿಯಲ್ಲಿಡುವ ಹಾರ್ಮೋನು ಗುಳಿಗೆಗಳು ಸಾಮಾನ್ಯವಾಗಿ ಅಂಡೋತ್ಪತ್ತಿಯನ್ನೂ ತಡೆಯುತ್ತವೆ. ಮಗು ಬೇಕೆಂದರೆ ಅವನ್ನು ನಿಲ್ಲಿಸಬೇಕು. ನಿಲ್ಲಿಸಿದರೆ ನೋವು ಮರಳುತ್ತದೆ. ಹಾಗಾದರೆ ಶಸ್ತ್ರಚಿಕಿತ್ಸೆ ಮಾಡಿಸಿ ಗಂಟು ತೆಗೆಸಿಬಿಡೋಣವೆಂದರೆ, ಗಂಟಿನೊಡನೆ ಅಂಡಾಶಯದ ಒಳ್ಳೆಯ ಭಾಗವೂ ಕಿತ್ತು ಬಂದು ಅಂಡಗಳ ಸಂಗ್ರಹ ಕಡಿಮೆಯಾಗುವ ಅಪಾಯವಿದೆ. ಕಾಯಿಲೆ ಸೌಮ್ಯವಾಗಿದ್ದಾಗ ಉದರದರ್ಶಕದ ಮೂಲಕ ಮಾಡುವ ಶಸ್ತ್ರಚಿಕಿತ್ಸೆ ಕೆಲವರಿಗೆ ಬಸುರಾಗಲು ನೆರವಾಗುತ್ತದೆ. ಆದರೆ ಐವಿಎಫ್‌ಗೆ ಮುಂಚೆ ಚಾಕಲೇಟ್ ಸಿಸ್ಟನ್ನು ವಾಡಿಕೆಯಂತೆ ತೆಗೆಯುವುದನ್ನು ಅದೇ ಮಾರ್ಗಸೂಚಿ ಸಲಹೆ ಮಾಡುವುದಿಲ್ಲ. ಹೀಗೆ ಮಗುವಿಗಾಗಿ ಕಾಯುವ ಪ್ರತಿ ತಿಂಗಳೂ ಆಕೆ ನೋವನ್ನು ತಾನಾಗಿ ಆರಿಸಿಕೊಳ್ಳುತ್ತಾಳೆ. ಹೆರುವವಳು ಒಂದು ರಾತ್ರಿ ತಿನ್ನುವ ಬೇನೆಯನ್ನು ಈಕೆ ಮಗುವಿನ ಮುಖ ಕಾಣುವ ಮೊದಲೇ ವರ್ಷಗಟ್ಟಲೆ ತಿನ್ನುತ್ತಾಳೆ. ಕೊನೆಗೆ ಹಡೀಲಾರದಾಕಿಗೆ ಬ್ಯಾನಿ ಏನ್ ಗೊತ್ತು ಎಂಬ ಮಾತನ್ನು ಕೇಳಿಸಿಕೊಳ್ಳುತ್ತಾಳೆ.

ಆ ತಿಂಗಳ ಲೆಕ್ಕ ಗುಟ್ಟಾಗಿಯೂ ಉಳಿಯುವುದಿಲ್ಲ. ಒಂದು ಮನೆಯಲ್ಲಿ ಸೊಸೆ ದೇವರ ಕೋಣೆಗೆ ಹೋಗಲಿಲ್ಲ ಎಂಬುದರಿಂದ ಎಲ್ಲರಿಗೂ ಗೊತ್ತಾಗುತ್ತದೆ. ಲಕ್ಷ್ಮೇಶ್ವರದ ಮುಸ್ಲಿಂ ಮನೆಯೊಂದರಲ್ಲಿ ಜಾನಮಾಜ್ ಹಾಸಲಿಲ್ಲ ಎಂಬುದರಿಂದ. ರಂಜಾನಿನಲ್ಲಂತೂ ಇನ್ನೂ ಕಷ್ಟ. ಬಹೂ ಇವತ್ತು ರೋಜಾ ಹಿಡಿದಿಲ್ಲ ಎಂದರೆ ಸಹರಿಯ ಹೊತ್ತಿಗೇ ಇಡೀ ಮನೆಗೆ 'ಈ ತಿಂಗಳೂ ಇಲ್ಲ' ಎಂಬ ಸುದ್ದಿ ಮುಟ್ಟಿರುತ್ತದೆ. ಧರ್ಮ ಆಕೆಗೆ ಕೊಟ್ಟ ರಿಯಾಯಿತಿಯೇ ಮನೆಯವರ ಕೈಯಲ್ಲಿ ಹಾಜರಿ ಪುಸ್ತಕವಾಗುತ್ತದೆ. ಆ ಪುಸ್ತಕದಲ್ಲಿ ಗಂಡನ ಹೆಸರಿಗೆ ಪುಟವೇ ಇಲ್ಲ. ಮಕ್ಕಳಾಗದ ಜೋಡಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಕಾರಣವೂ ಸೇರಿರುತ್ತದೆ. ವೀರ್ಯ ಪರೀಕ್ಷೆ ಅತ್ಯಂತ ಅಗ್ಗದ, ನೋವಿಲ್ಲದ ಪರೀಕ್ಷೆ. ಆದರೂ ಹೆಂಡತಿಯ ಹೊಟ್ಟೆಗೆ ಎರಡು ಬಾರಿ ಕತ್ತರಿ ಹಾಕಿಸಿದ ಮೇಲೆ ಗಂಡನನ್ನು ಒಲ್ಲದ ಮನಸ್ಸಿನಿಂದ ಲ್ಯಾಬಿಗೆ ಕಳಿಸಿದ ಮನೆಗಳನ್ನು ನಾವು ಬಲ್ಲೆವು.

ಸಾಹಿತ್ಯಕ್ಕೆ ಮರಳಿದರೆ, ಹಲಸಂಗಿಯ ಗೆಳೆಯರು 1931ರಲ್ಲಿ ಪ್ರಕಟಿಸಿದ 'ಗರತಿಯ ಹಾಡು' ನಮ್ಮ ಜನಪದದ ತಾಯ್ತನದ ದೊಡ್ಡ ಭಂಡಾರ. ಮಕ್ಕಳಿಲ್ಲದ ಹೆಣ್ಣಿನ ಬಾಳನ್ನು ಬಾಡಿಗೆಯ ಎತ್ತಿನ ದುಡಿತಕ್ಕೆ ಹೋಲಿಸುವ ತ್ರಿಪದಿ ನಮ್ಮ ಕಡೆ ಬಾಯಿಂದ ಬಾಯಿಗೆ ಹರಿದಿದೆ. ವಿಮರ್ಶಕರು ಇದರಲ್ಲಿ ಮಾತೃಹೃದಯದ ಹಂಬಲವನ್ನು ಕಂಡು ಮೆಚ್ಚಿದ್ದಾರೆ. ನಮಗೆ ಕಾಣುವುದು ಲೆಕ್ಕಾಚಾರ. ಬಾಡಿಗೆಯ ಎತ್ತಿಗೆ ಗೇಯ್ಮೆಯಿದೆ, ಹೊಲದಲ್ಲಿ ಪಾಲಿಲ್ಲ. ಮಗನಿಲ್ಲದ ಸೊಸೆಗೆ ಮನೆಯಲ್ಲಿ ದುಡಿತವಿದೆ, ಹಕ್ಕಿಲ್ಲ. ಆ ತ್ರಿಪದಿಯನ್ನು ಕಟ್ಟಿದ ಹೆಣ್ಣುಮಗಳು ತನ್ನ ಕೊರತೆಯನ್ನು ಹಾಡಿಕೊಂಡಳೋ, ಮನೆಯ ನ್ಯಾಯವನ್ನು ಹಾಡಿ ತೋರಿಸಿದಳೋ ಎಂಬುದು ಇನ್ನೊಮ್ಮೆ ಕೇಳಬೇಕಾದ ಪ್ರಶ್ನೆ.

ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಕುಮಾರವ್ಯಾಸ ಕನ್ನಡಿಸಿದ ಭಾರತದ ಗಾಂಧಾರಿಯನ್ನು ನೆನೆಯದೆ ಈ ಊರಿನಲ್ಲಿ ಈ ಮಾತು ಪೂರ್ತಿಯಾಗದು. ಹೊತ್ತ ಬಸಿರು ದಿನ ತುಂಬಿದರೂ ಇಳಿಯದೆ, ಕುಂತಿಗೆ ಮಗ ಹುಟ್ಟಿದ ಸುದ್ದಿ ಕೇಳಿ, ತನ್ನ ಹೊಟ್ಟೆಯನ್ನು ತಾನೇ ಹೊಸೆದುಕೊಂಡವಳು ಆಕೆ. ಹೊರಬಿದ್ದದ್ದು ಮಾಂಸದ ಮುದ್ದೆ. ವ್ಯಾಸರು ಅದನ್ನು ತುಪ್ಪದ ಕೊಡಗಳಲ್ಲಿಟ್ಟು ನೂರೊಂದು ಮಕ್ಕಳನ್ನು ಮಾಡಿದರು. 2019ರ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಕುಲಪತಿಯೊಬ್ಬರು ಕೌರವರು ಪ್ರನಾಳ ಶಿಶುಗಳೆಂದು ಹೇಳಿ ನಗೆಪಾಟಲಾದರು. ನಮ್ಮ ತಕರಾರು ಅದಲ್ಲ. ಕೊಡಗಳ ಬಗ್ಗೆ ಇಷ್ಟು ಮಾತನಾಡುವ ನಾವು ಆ ಹೊಟ್ಟೆಯ ಬಗ್ಗೆ ಎಂದಾದರೂ ಮಾತನಾಡಿದ್ದೇವೆಯೆ? ಗಾಂಧಾರಿಯ ನೋವಿಗೆ ನಾವು ಇಟ್ಟ ಹೆಸರು ಹೊಟ್ಟೆಕಿಚ್ಚು. ಇಂದಿಗೂ ಮಕ್ಕಳಿಲ್ಲದವಳನ್ನು ತೊಟ್ಟಿಲಿನ ಸಮಾರಂಭದಿಂದ ದೂರವಿಡುವಾಗ ಅದೇ ಹೆಸರನ್ನು ಮನಸ್ಸಿನಲ್ಲಿ ಹೇಳಿಕೊಳ್ಳುತ್ತೇವೆ.

ಮುಸ್ಲಿಂ ಬದುಕನ್ನು ಕನ್ನಡದಲ್ಲಿ ಬರೆದವರ ಕಡೆ ನೋಡಿದರೂ ಈ ಜಾಗ ಹೆಚ್ಚುಕಡಿಮೆ ಖಾಲಿ. ಬಾನು ಮುಷ್ತಾಕ್ ಅವರ 'ಕರಿ ನಾಗರಗಳು' ಕತೆಯಲ್ಲಿ, ಅದನ್ನಾಧರಿಸಿ ಗಿರೀಶ್ ಕಾಸರವಳ್ಳಿಯವರು 2004ರಲ್ಲಿ ಮಾಡಿದ 'ಹಸೀನಾ'ದಲ್ಲಿ, ಹೆಣ್ಣು ಹೆತ್ತದ್ದಕ್ಕಾಗಿ ಗಂಡ ಬಿಟ್ಟುಹೋದ ತಾಯಿಯಿದ್ದಾಳೆ. 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂದಾಗ ಜಗತ್ತೇ ಓದಿದ್ದು ಇಂಥ ತಾಯಂದಿರ ಸಂಕಟವನ್ನು. ಆ ಬರಹದ ಋಣ ನಮ್ಮ ಮೇಲೆ ದೊಡ್ಡದು. ಆದರೆ ಹೆತ್ತು ಸೋತವಳ ಕತೆಯ ಪಕ್ಕದಲ್ಲಿ ಹೆರದೆ ಸೋತವಳ ಕತೆಗೆ ಅಂಥ ಲೇಖಣಿ ಇನ್ನೂ ಸಿಗಬೇಕಾಗಿದೆ. ಡಾ. ಅನುಪಮಾ ನಿರಂಜನ 'ಕೇಳು ಕಿಶೋರಿ', 'ತಾಯಿ ಮಗು' ಬರೆದು, ಹೆಣ್ಣಿನ ದೇಹವನ್ನು ಸಂಕೋಚವಿಲ್ಲದೆ ಕನ್ನಡದಲ್ಲಿ ವಿವರಿಸಿದರು. 1991ರಲ್ಲಿ ಅವರು ಹೋದರು. ಅವರ ಜಾಗದಲ್ಲಿ ಈಗ ಮೊಬೈಲಿನ ವಿಡಿಯೋಗಳು ಕುಳಿತಿವೆ, ಅವುಗಳಲ್ಲಿ ಬಹಳಷ್ಟು ಕಷಾಯ ಮಾರುವವರದು.

ಹರಕೆಯ ಮಾತು ಬಂದಾಗ ನಾವು ಬುದ್ಧಿಜೀವಿಗಳ ಹಾಗೆ ಮೂಗು ಮುರಿಯಲಾರೆವು. ಶಿರಹಟ್ಟಿಯ ಫಕೀರೇಶ್ವರ ಮಠದ ಮೂಲಕತೆಯೇ ಮಕ್ಕಳಿಲ್ಲದ ಒಂದು ಜೋಡಿಯದು. ವಿಜಯಪುರದ ಸೂಫಿ ಸಂತ ಖಾಜಾ ಅಮೀನುದ್ದೀನರ ಆಶೀರ್ವಾದದಿಂದ ಲಿಂಗಾಯತ ದಂಪತಿಗೆ ಹುಟ್ಟಿದ ಮಗುವೇ ಮುಂದೆ ಫಕೀರೇಶ್ವರರಾದರು ಎಂಬ ಪ್ರತೀತಿಯಿದೆ. ಇಂದಿಗೂ ಹಿಂದೂ-ಮುಸ್ಲಿಮರಿಬ್ಬರೂ ಆ ಗದ್ದುಗೆಗೆ ನಡೆದುಕೊಳ್ಳುತ್ತಾರೆ. ಲಕ್ಷ್ಮೇಶ್ವರದ ದೂದನಾನಾ ದರ್ಗಾಕ್ಕೂ ಇಬ್ಬರೂ ಹೋಗುತ್ತಾರೆ. ಸೌಹಾರ್ದದ ಭಾಷಣಗಳಲ್ಲಿ ಈ ಕತೆಯನ್ನು ಎಷ್ಟು ಸಾರಿ ಕೇಳಿದ್ದೇವೆಂಬುದಕ್ಕೆ ಲೆಕ್ಕವಿಲ್ಲ. ಆದರೆ ಕೊರತೆ 'ದಂಪತಿಯದು' ಎಂದು ಈ ಕತೆ ಹೇಳುತ್ತದೆ, ಹೆಂಗಸಿನದೆಂದಲ್ಲ. ಇಬ್ಬರೂ ಕೂಡಿ ನಡೆದುಕೊಂಡು ಹೋಗುತ್ತಾರೆ. ಇಷ್ಟು ಸಣ್ಣ ವಿವರವನ್ನು ನಾವು ಗಮನಿಸಲೇ ಇಲ್ಲ. ಇಂದು ಹರಕೆ ಹೊರುವವಳೂ ಉಪವಾಸ ಮಾಡುವವಳೂ ಕಪ್ಪತಗುಡ್ಡದ ಬೇರು ಅರೆದು ಕುಡಿಯುವವಳೂ ಒಬ್ಬಳೇ.

ಧರ್ಮಗ್ರಂಥವನ್ನೂ ನಾವು ಅರ್ಧವೇ ಓದಿದ್ದೇವೆ. ಕುರ್‌ಆನ್ ಮುಟ್ಟನ್ನು 'ಅದಾ' ಎಂದು ಕರೆಯುತ್ತದೆ. ಆ ಮಾತಿಗೆ ನೋವು, ಬಾಧೆ ಎಂಬ ಅರ್ಥವಿದೆ. ನಮ್ಮ ಪ್ರವಚನಗಳಲ್ಲಿ ಅದು ಮೈಲಿಗೆಯಾಗಿ ಉಳಿದು ಬಾಧೆ ಬಿಟ್ಟುಹೋಯಿತು. ಮರ್ಯಮರು ಹೆರಿಗೆಯ ನೋವಿನಲ್ಲಿ ಖರ್ಜೂರದ ಮರದ ಬುಡದಲ್ಲಿ ಕುಳಿತು, ಸತ್ತಿದ್ದರೆ ಚೆನ್ನಾಗಿತ್ತು ಎಂದು ಹಲುಬಿದಾಗ ಬಂದ ಉತ್ತರ ಉಪದೇಶವಲ್ಲ. ಕಾಲ ಬಳಿ ನೀರು, ಮೇಲೆ ಹಣ್ಣು, ದುಃಖಿಸಬೇಡ ಎಂಬ ಮಾತು. ವಿಶ್ವಾಸಿಗಳ ಮಾತೆ ಎಂದು ನಾವು ಗೌರವಿಸುವ ಹಜ್ರತ್ ಆಯಿಶಾರಿಗೆ ಮಕ್ಕಳಿರಲಿಲ್ಲ. ಅವರನ್ನು ಯಾರೂ ಬಾಡಿಗೆಯ ಎತ್ತಿಗೆ ಹೋಲಿಸಲಿಲ್ಲ. ಐವಿಎಫ್ ಹರಾಮೇ ಎಂದು ನಮ್ಮನ್ನು ಪಿಸುಮಾತಿನಲ್ಲಿ ಕೇಳುವವರಿಗೆ, ಗಂಡ ಹೆಂಡಿರ ನಡುವಣ ಚಿಕಿತ್ಸೆಗೆ ಅಲ್-ಅಜ್‌ಹರ್ 1980ರಲ್ಲಿಯೇ ಒಪ್ಪಿಗೆ ಕೊಟ್ಟಿದೆ, ಮೂರನೆಯವರ ಅಂಡ-ವೀರ್ಯಕ್ಕೆ ಮಾತ್ರ ಅಲ್ಲ ಎಂದು ಹೇಳುತ್ತೇವೆ. ಆಮೇಲೆ ಉಳಿಯುವುದು ಹಣದ ಪ್ರಶ್ನೆ. ಒಂದು ಸಲದ ಚಿಕಿತ್ಸೆಗೆ ಲಕ್ಷಕ್ಕೂ ಮೇಲೆ ಬೇಕು, ಒಂದೇ ಸಲಕ್ಕೆ ಫಲಿಸುತ್ತದೆಂಬ ಖಾತ್ರಿಯಿಲ್ಲ.

ಹಣವಿಲ್ಲದವಳ ನೋವಿಗೆ ಬೇರೆಯೇ ಔಷಧವಿದೆ. ಕಲಬುರಗಿ, ಹಾವೇರಿ ಜಿಲ್ಲೆಗಳಲ್ಲಿ ಬಡ ಲಂಬಾಣಿ, ದಲಿತ ಹೆಣ್ಣುಮಕ್ಕಳ ಗರ್ಭಕೋಶಗಳನ್ನು ಕಾರಣವಿಲ್ಲದೆ ತೆಗೆದ ಆರೋಪ 2010ರ ದಶಕದಲ್ಲಿ ಬೀದಿಗೆ ಬಂತು. 2023ರಲ್ಲಿ ಸುಪ್ರೀಂ ಕೋರ್ಟು ಇಂಥ ಶಸ್ತ್ರಚಿಕಿತ್ಸೆಗಳ ಮೇಲೆ ನಿಗಾ ಇಡುವ ಮಾರ್ಗಸೂಚಿಯನ್ನು ರಾಜ್ಯಗಳು ಜಾರಿಗೆ ತರಬೇಕೆಂದು ಹೇಳಿತು. ಮುಂಡರಗಿ ಕಡೆಯ ತಾಂಡಾ ಒಂದರಲ್ಲಿ, ಎರಡು ಮಕ್ಕಳಾದ ಮೇಲೆ ಹೊಟ್ಟೆನೋವಿಗೆಂದು ಹೋಗಿ 'ಚೀಲ ತೆಗೆಸಿಕೊಂಡು' ಬಂದ, ಮೂವತ್ತೂ ದಾಟಿರದ ತಾಯಿಯನ್ನು ಕಂಡಿದ್ದೇವೆ. ಮಕ್ಕಳಾಗದವಳ ನೋವು ಯಾರಿಗೂ ಕೇಳಿಸದು, ಏಕೆಂದರೆ ಆಕೆ ಹೆತ್ತಿಲ್ಲ. ಮಕ್ಕಳಾದವಳ ನೋವೂ ಕೇಳಿಸದು, ಏಕೆಂದರೆ ಆಕೆ ಹೆತ್ತು ಮುಗಿಸಿದ್ದಾಳೆ. ಎಂಥ ನ್ಯಾಯವಿದು!

ತಿಂಗಳಿಗೊಂದು ದಿನ ಸಂಬಳದೊಂದಿಗೆ ಮುಟ್ಟಿನ ರಜೆ ಕೊಡುವ ನೀತಿಗೆ ಕರ್ನಾಟಕದ ಸಚಿವ ಸಂಪುಟ 2025ರ ಅಕ್ಟೋಬರಿನಲ್ಲಿ ಒಪ್ಪಿಗೆ ನೀಡಿತು. ಕಾರ್ಖಾನೆ, ಕಚೇರಿಗಳ ಹೆಣ್ಣುಮಕ್ಕಳ ಮಟ್ಟಿಗೆ ಅದು ಸಣ್ಣ ಮಾತಲ್ಲ. ಮನೆಯ ಮಗ್ಗಕ್ಕೆ ಕಂಡಿಕೆ ಸುತ್ತುವವಳಿಗೆ ರಜೆ 'ಮಂಜೂರು' ಮಾಡುವವರು ಅತ್ತೆಯೇ. ಅವರಿಗೂ ತಮ್ಮ ಕಾಲದಲ್ಲಿ ಯಾರೂ ಕೊಟ್ಟಿರಲಿಲ್ಲ.

ಬೆಟಗೇರಿಯಿಂದ ಹೊರಡುವ ಮೊದಲು ನಾವು ಆ ಸೊಸೆಗೆ ವಚನದ ಉಳಿದರ್ಧವನ್ನು ಹೇಳಿದೆವು. ಕಂಡಿಕೆ ಕೈಯಲ್ಲಿ ಹಿಡಿದೇ ಕೇಳಿದಳು. "ತಾಯಂದ್ರಿಗೇ ಅಂದ್ಲೇನ್ರಿ ಹಂಗ?" ಎಂದು ಎರಡು ಸಾರಿ ಕೇಳಿ ಖಚಿತಪಡಿಸಿಕೊಂಡಳು. ಆಮೇಲೆ ಒಳಗೆ ಹೋಗಿ ಸ್ಕ್ಯಾನಿಂಗಿನ ಕವರು ತಂದು ನಮ್ಮ ಜೊತೆಗಿದ್ದವರ ಕೈಗಿಟ್ಟು, ಹುಬ್ಬಳ್ಳಿಯ ದೊಡ್ಡ ದವಾಖಾನೆಯಲ್ಲಿ ಯಾವ ವಾರ ಯಾರನ್ನು ಕಾಣಬೇಕು ಎಂದು ಕೇಳಿದಳು. ಬಸ್ಸಿನ ಖರ್ಚಿನ ಮಾತು ಬರಲಿಲ್ಲ, 2023ರ ಜೂನಿನಿಂದ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸು ಪುಕ್ಕಟೆ. "ಕೂಸಿನ ಸಂಬಂಧ ಅಲ್ರಿ, ಮದ್ಲ ಈ ಬ್ಯಾನಿದ ಕೇಳ್ತೀನಿ" ಎಂದಳು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. "ಸೋಮವಾರ ನಾನೂ ಬರ್ತೀನಿ" ಎಂದರು.